ಇಪ್ಪತ್ತೇ ಮಾಡಿದವನ ಲೆಕ್ಕ

ಬೆಲೆ ಇಳಿಸಿದರೆ ಮಾಲು ತಾನಾಗಿ ಖರ್ಚಾಗುತ್ತದೆ ಎಂದು ನಾವೆಲ್ಲ ಒಕ್ಕೊರಲಿನಿಂದ ಹೇಳಿದೆವು. ಮುಂಬಯಿಯ ನಮ್ಮ ಬಳಗದ ಹಿರಿಯರೊಬ್ಬರ ಮಗ ಮಾಡ್ಯುಲರ್ ಸಿಂಥಸೈಜರಿನ ಮಾಡ್ಯೂಲೊಂದನ್ನು ತಾನೇ ವಿನ್ಯಾಸಗೊಳಿಸಿ, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳನ್ನು ಅಲೆದು ಬಿಡಿಭಾಗಗಳನ್ನು ಕೂಡಿಸಿ, ಇಪ್ಪತ್ತನ್ನು ಕೈಯಾರೆ ಬೆಸುಗೆ ಹಾಕಿ ಮುಗಿಸಿದ್ದ. ಎಂಟು ತಿಂಗಳಲ್ಲಿ ಹೋದವು ಹದಿಮೂರು. ಉಳಿದ ಏಳನ್ನು ಕಂಡು ನಾವು ಮಾಡಿದ ಉಪದೇಶ ತಪ್ಪಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬರಹ.

ಈ ವಾದ್ಯದ ಸ್ವಭಾವವನ್ನು ಮೊದಲು ಹೇಳಬೇಕು. ಧ್ವನಿ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಏರಿಳಿಸುವ ಆಂಪ್ಲಿಫೈಯರ್, ಎಲ್ಲವೂ ಬೇರೆ ಬೇರೆ ತುಂಡುಗಳು; ನುಡಿಸುವವನು ತಂತಿಗಳಿಂದ ಅವನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಾನೆ. 1960ರ ದಶಕದಲ್ಲಿ ಅಮೆರಿಕೆಯ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಇದನ್ನು ರೂಪಿಸಿದರು. ನಮ್ಮ ದೇಶಕ್ಕೂ ಇದು ಅಪರಿಚಿತವಲ್ಲ. 1969ರಲ್ಲೇ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಒಂದು ಆರಂಭವಾಗಿತ್ತು. ಆದರೆ ಆಗ ಅದು ಸಂಸ್ಥೆಗಳ ಸೊತ್ತು. ಮನೆಯ ಮೇಜಿನ ಮೇಲೆ ಮಾಡ್ಯೂಲ್ ತಯಾರಿಸಿ ಮಾರಬಹುದಾದ ಸ್ಥಿತಿ ಬಂದದ್ದು 1990ರ ದಶಕದ ನಡುವಿನಲ್ಲಿ, ಜರ್ಮನಿಯ ಡೀಟರ್ ಡೋಪ್ಫರ್ ಅವರ ಎ-100 ಬಂದ ಮೇಲೆ. ಪ್ಯಾನೆಲಿನ ಎತ್ತರ 128.5 ಮಿಲಿಮೀಟರ್, ಅಗಲದ ಮೂಲಮಾನ 5.08 ಮಿಲಿಮೀಟರ್: ಈ ಅಳತೆಗೆ ಒಗ್ಗುವಂತೆ ಯಾರು ಬೇಕಾದರೂ ಮಾಡಬಹುದಾಯಿತು. ಯೂರೋರ್ಯಾಕ್ ಎಂದು ಹೆಸರಾದದ್ದು ಇದೇ. ಬಾಗಿಲು ಎಲ್ಲರಿಗೂ ತೆರೆದಿತ್ತು. ಒಳಗಿನ ಕೋಣೆ ಮಾತ್ರ ಚಿಕ್ಕದು.

ಈಗ ಹುಡುಗನ ಲೆಕ್ಕ. ನಿಜವಾದ ಅಂಕಿಗಳು ಅವನ ಮನೆಯ ವಿಷಯ, ತಿಳಿವಿಗಾಗಿ ಹೀಗಿಟ್ಟುಕೊಳ್ಳೋಣ. ಮಾರುವ ಬೆಲೆ 15,000 ರೂಪಾಯಿ. ಅಂಗಡಿಯ ಪಾಲು ಮೂರರಲ್ಲೊಂದು, ಅಂದರೆ 5,000. ಬಿಡಿಭಾಗಗಳಿಗೆ 4,000. ಉಳಿದದ್ದು 6,000. ಎರಡು ಮೂರು ಸಲ ಕೆಟ್ಟ ಮಾದರಿ ಬೋರ್ಡುಗಳಿಗೆ, ಪ್ಯಾನೆಲಿನ ಅಚ್ಚಿಗೆ, ಅಳತೆಯ ಉಪಕರಣಕ್ಕೆ ಮೊದಲೇ ಸುರಿದದ್ದು 60,000 ಎಂದಾದರೆ, ಇಪ್ಪತ್ತಕ್ಕೆ ಹಂಚಿದಾಗ ಒಂದೊಂದರ ತಲೆಗೆ 3,000. ಕೊನೆಗೆ ಕೈಗೆ ಬರುವುದು 3,000. ಅದೂ ಇಪ್ಪತ್ತೂ ಮಾರಿಹೋದರೆ. ನಮ್ಮ ಮಾತು ಕೇಳಿ ಬೆಲೆಯನ್ನು 12,000ಕ್ಕೆ ಇಳಿಸಿದ್ದರೆ ಅಂಗಡಿಗೆ 4,000 ಹೋಗಿ, ಉಳಿದೆಲ್ಲ ಖರ್ಚು ಹಾಗೆಯೇ ನಿಂತು, ಕೈಗೆ ಬರುತ್ತಿದ್ದುದು 1,000. ಬೆಲೆಯಲ್ಲಿ ಐದರಲ್ಲೊಂದು ಪಾಲು ಕಡಿಮೆಯಾದರೆ ಕೂಲಿಯಲ್ಲಿ ಮೂರರಲ್ಲೆರಡು ಪಾಲು ಮಾಯ. ಮೊದಲಿನಷ್ಟೇ ಗಳಿಸಲು ಇಪ್ಪತ್ತರ ಬದಲು ಮೂವತ್ತನ್ನು ಬೆಸೆಯಬೇಕು, ಶ್ರುತಿಗೆ ಹೊಂದಿಸಬೇಕು, ಕಟ್ಟಿ ಕಳುಹಿಸಬೇಕು.

ಆ ಹೆಚ್ಚಿನ ಹತ್ತು ಗಿರಾಕಿಗಳಾದರೂ ಎಲ್ಲಿದ್ದಾರೆ? ಈ ವಾದ್ಯದ ಚೌಕಟ್ಟಿನಲ್ಲಿ ಜಾಗ ಮಿತ. ಕೊಳ್ಳುವವನು ಮೊದಲು ನೋಡುವುದು ಅಗಲವನ್ನು, ಆಮೇಲೆ ಬೆಲೆಯನ್ನು. ಒಂದನ್ನು ಕೊಂಡವನಿಗೆ ಎರಡನೆಯದು ಬೇಡ. ಬೇಸರವಾದಾಗ ಅದನ್ನೇ ಮತ್ತೊಬ್ಬನಿಗೆ ಮಾರುತ್ತಾನೆ. ಹಾಗೆ ತಯಾರಕ ತನ್ನ ಹಳೆಯ ಮಾಲಿನೊಂದಿಗೇ ಸ್ಪರ್ಧಿಸಬೇಕಾಗುತ್ತದೆ. ಹೊರದೇಶದ ಗಿರಾಕಿಗೆ ಕಳುಹಿಸೋಣವೆಂದರೆ ಅಂಚೆ ವೆಚ್ಚ, ಅಲ್ಲಿನ ಸುಂಕ, ಜತೆಗೆ ಯುರೋಪಿನ ನಿಯಮಗಳು. ಕ್ಯಾಡ್ಮಿಯಮ್ ಇರುವ ಬೆಳಕುಸಂವೇದಿ ಬಿಡಿಭಾಗಗಳ ಮೇಲೆ ಅಲ್ಲಿ ನಿರ್ಬಂಧವಿದೆ. ಹಳೆಯ ಬುಕ್ಲಾ ನಾದಕ್ಕೆ ಕೆಲವರು ನೆಚ್ಚಿಕೊಂಡದ್ದು ಅವುಗಳನ್ನೇ.

ಮಾರಿದ ಮೇಲೂ ಕೆಲಸ ಮುಗಿಯುವುದಿಲ್ಲ. ವಿದ್ಯುತ್ತಿನ ಪಟ್ಟಿ ತಂತಿಯನ್ನು ಗಿರಾಕಿಯೊಬ್ಬ ತಲೆಕೆಳಗಾಗಿ ಚುಚ್ಚಿದ. ಒಳಗಿನ ಚಿಪ್ ಸುಟ್ಟಿತು. ತಪ್ಪು ಅವನದು, ರಿಪೇರಿ ನಮ್ಮ ಹುಡುಗನದು. ಎರಡು ರೂಪಾಯಿಯ ಡಯೋಡ್ ಹಾಕಿದ್ದರೆ ಉಳಿಯುತ್ತಿತ್ತಲ್ಲ ಎಂದು ಅವನೇ ಈಗ ಹಲುಬುತ್ತಾನೆ.

ವಿನ್ಯಾಸವನ್ನು ಮುಕ್ತವಾಗಿ ಹಂಚಬೇಕೇ ಎಂಬ ಪ್ರಶ್ನೆಯಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಫ್ರಾನ್ಸಿನ ಎಮಿಲಿ ಜಿಲೆ ತಮ್ಮ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ನಕ್ಷೆಗಳನ್ನೂ ತಂತ್ರಾಂಶವನ್ನೂ ಎಲ್ಲರಿಗೂ ತೆರೆದಿಟ್ಟರು. ಅದರಿಂದ ಕಲಿತವರು ಅಸಂಖ್ಯ. ನಮ್ಮ ಹುಡುಗನೂ ಅವರಲ್ಲೊಬ್ಬ. ಅವರ ‘ಕ್ಲೌಡ್ಸ್’ ಮಾಡ್ಯೂಲಿನ ತಯಾರಿಕೆ ನಿಂತ ಮೇಲೂ ಇತರರು ಮಾಡಿದ ಕಿರಿದಾದ ಪ್ರತಿಗಳು ಮಾರಾಟವಾಗುತ್ತಲೇ ಇದ್ದವು. ಪರವಾನಗಿಯ ಪ್ರಕಾರ ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಮಾಡುವವನಿಗೆ ಆ ಕೆಟ್ಟುಹೋದ ಮಾದರಿ ಬೋರ್ಡುಗಳ ಖರ್ಚಿಲ್ಲ. ಅವನ ಅಗ್ಗದ ಬೆಲೆಯನ್ನು ತೋರಿಸಿ ಮೂಲ ಕರ್ತೃವಿನೊಡನೆ ಚೌಕಾಶಿ ಮಾಡುವುದು ಅನ್ಯಾಯವೆಂದೇ ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ. ಪುಸ್ತಕದ ಬೆಲೆಯನ್ನು ಕಾಗದದ ತೂಕದಿಂದ ಅಳೆಯುವವರ ಮೇಲೆ ಸಿಡುಕುವ ನಾವೇ ಸರ್ಕ್ಯೂಟನ್ನು ರೆಸಿಸ್ಟರಿನ ದರದಿಂದ ಅಳೆದೆವಲ್ಲ!

ಹಾಗೆಂದು ತಯಾರಕರದೇನೂ ತಪ್ಪಿಲ್ಲವೆನ್ನಲಾಗದು. ಬರ್ಲಿನ್ನಿನ ಸೂಪರ್‌ಬೂತ್ ಮೇಳಕ್ಕೆ ಹೊಸತೊಂದು ಸಿದ್ಧವಿರಲೇಬೇಕೆಂಬ ಆತುರದಲ್ಲಿ ಹಿಂದಿನ ಮಾಡ್ಯೂಲಿನ ಕೈಪಿಡಿಯೇ ಅರ್ಧಕ್ಕೆ ನಿಂತಿರುವುದುಂಟು. ಡೋಪ್ಫರ್ ಅವರ ಪಟ್ಟಿಯಲ್ಲಿ ಸಪ್ಪೆಯೆನಿಸುವ, ಆದರೆ ಎಲ್ಲರಿಗೂ ಬೇಕಾಗುವ ಮಾಡ್ಯೂಲುಗಳು ವರ್ಷಗಟ್ಟಲೆ ಉಳಿದಿವೆ. ‘ವಿ.ಸಿ.ಎ.ಗಳು ಎಷ್ಟಿದ್ದರೂ ಸಾಲವು’ ಎಂಬ ಮಾತು ಈ ವಲಯದಲ್ಲಿ ಗಾದೆಯಂತಾಗಿದೆ. ಆದರೆ ಆ ಸಾಮಾನ್ಯ ಮಾಡ್ಯೂಲನ್ನು ದೊಡ್ಡ ಕಾರ್ಖಾನೆಯ ದರಕ್ಕೆ ಮನೆಯಲ್ಲಿ ಮಾಡಲಾಗದು. ವಿಚಿತ್ರವಾದದ್ದನ್ನು ಮಾಡಿದರೆ ಕೊಳ್ಳುವವರು ಕಡಿಮೆ, ಸಾಮಾನ್ಯವಾದದ್ದನ್ನು ಮಾಡಿದರೆ ಕೂಲಿ ಕಡಿಮೆ. ಈ ಗಂಟನ್ನು ಬಿಚ್ಚುವ ಉಪಾಯ ನಮಗೆ ಹೊಳೆದಿಲ್ಲ.

ಕಳೆದ ತಿಂಗಳ ಕೂಟದಲ್ಲಿ ಅವನಿಗೆ ಹೊಸ ಸಲಹೆ ಕೊಟ್ಟೆವು: ಬೆಲೆ ಇಳಿಸಬೇಡ, ಮುಂದಿನ ಕಂತಿಗೆ ಅರ್ಧ ಹಣವನ್ನು ಮುಂಗಡವಾಗಿ ಪಡೆ, ಬಂದಷ್ಟೇ ಬೇಡಿಕೆಗೆ ಬೋರ್ಡ್ ಮಾಡಿಸು. ‘ಮುಂಗಡ ತೆಗೆದುಕೊಂಡ ಮೇಲೆ ಚಿಪ್ ಸಿಗದೆ ಹೋದರೆ ಏನು ಹೇಳಲಿ, ಅಂಕಲ್?’ ಎಂದು ಕೇಳಿದ. ಏಳು ಮಾಡ್ಯೂಲುಗಳು ಇನ್ನೂ ಅವನ ಅಲಮಾರಿಯಲ್ಲಿವೆ. ನೌಕರಿ ಬಿಡುವ ಮಾತನ್ನು ಅವನು ಸದ್ಯ ಎತ್ತುತ್ತಿಲ್ಲ.