ದೊಡ್ಡ ರೈಡರ್ ಬಂದರೆ ತಂಡ ಗೆಲ್ಲುತ್ತದೆಯೇ?

ಇಂಡಿಯ ಒಬ್ಬ, ಸಿಂದಗಿಯ ಇಬ್ಬರು, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಇಬ್ಬಿಬ್ಬರು. ಹೀಗೆ ಊರಿಗೆ ಹೆಸರಾದ ಹುಡುಗರನ್ನೇ ಆರಿಸಿ ಏಳು ಮಂದಿಯ ಜಿಲ್ಲಾ ಕಬಡ್ಡಿ ತಂಡ ಕಟ್ಟಿದರೆ ಪಟ್ಟಿ ನೋಡಿದವರು ತಲೆದೂಗುತ್ತಾರೆ. ಅಂಕಣಕ್ಕಿಳಿದಾಗ ಇಂಥ ತಂಡಗಳು ಮುಗ್ಗರಿಸುವುದೂ ಉಂಟು. ಆಗ ಬೈಗುಳವೆಲ್ಲ ತಂಡದ ದೊಡ್ಡ ರೈಡರ್‌ಗೇ. ಇದು ಅನ್ಯಾಯ.

ಪವನ್ ಸೆಹ್ರಾವತ್ ಕಥೆಯನ್ನೇ ನೋಡಿ. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್‌ನಲ್ಲಿ 22 ರೈಡ್ ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ ಆಟಗಾರ ಆತ. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಮೊದಲ ಪಂದ್ಯದಲ್ಲೇ ಗಾಯಗೊಂಡು ಪವನ್ ಹೊರಗುಳಿದರು. ಆ ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದು ಅದೇ ವರ್ಷ. ಮರುವರ್ಷ ತೆಲುಗು ಟೈಟನ್ಸ್ 2.60 ಕೋಟಿಗೂ ಹೆಚ್ಚು ಸುರಿಯಿತು. ಪವನ್ ಪಾಯಿಂಟ್ ತರುತ್ತಲೇ ಇದ್ದರು, ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿತು.

2019ರ ಅಕ್ಟೋಬರ್‌ನ ಫೈನಲ್ ಇನ್ನೂ ಸ್ಪಷ್ಟ. ದಬಾಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಪಾಯಿಂಟ್ ತಂದರು. ಗೆದ್ದದ್ದು 39–34ರಿಂದ ಬೆಂಗಾಲ್ ವಾರಿಯರ್ಸ್, ಅದೂ ಮುಖ್ಯ ರೈಡರ್ ಮಣಿಂದರ್ ಸಿಂಗ್ ಇಲ್ಲದೆ. ಆ ತಂಡವನ್ನು ಪಳಗಿಸಿದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್.

ಒಬ್ಬ ರೈಡರ್‌ನಿಂದಲೇ ತಂಡ ಗೆಲ್ಲದಿರುವುದಕ್ಕೆ ಕಾರಣ ಆಟದ ನಿಯಮದಲ್ಲೇ ಇದೆ. ಔಟಾಗಿ ಹೊರಗೆ ಕುಳಿತ ರೈಡರ್ ತಾನಾಗಿ ಒಳಗೆ ಬರಲಾರ. ಉಳಿದವರು ಎದುರಾಳಿಯನ್ನು ಔಟ್ ಮಾಡಿದರೆ ಆತನಿಗೆ ಜೀವ. ಬೋನಸ್ ಪಾಯಿಂಟ್ ಎಷ್ಟು ತಂದರೂ ಯಾರೂ ಒಳಗೆ ಬರುವುದಿಲ್ಲ. ಹಾಗಾಗಿ ಎರಡನೇ ರೈಡರ್ ಬರೀ ಬೋನಸ್ ನಂಬಿದವನಾದರೆ, ಕ್ಯಾಚರ್‌ಗಳು ಸಪ್ಪೆಯಾದರೆ, ದೊಡ್ಡ ಆಟಗಾರ ಹೊರಗೇ ಕಾಯಬೇಕು. ಇಬ್ಬರು ರೈಡರ್‌ಗಳೂ ಒಂದೇ ಮಗ್ಗುಲಿನಿಂದ ದಾಳಿ ಮಾಡುವವರಾದರಂತೂ ಎದುರಾಳಿಗೆ ಹಬ್ಬ.

ಹಿಡಿಯುವ ಕೆಲಸ ಇದಕ್ಕಿಂತ ಸೂಕ್ಷ್ಮ. ಕಾರ್ನರ್‌ನವನು ಕಾಲು ಹಿಡಿದ ಕ್ಷಣವೇ ಕವರ್‌ನವನು ಮೇಲೆ ಬೀಳಬೇಕು. ಅರೆಕ್ಷಣ ತಡವಾದರೆ ಇಬ್ಬರೂ ಔಟ್. ಒಂದೇ ಊರಿನ ಮಣ್ಣಿನಲ್ಲಿ ವರ್ಷಗಟ್ಟಲೆ ಜೊತೆಯಾಗಿ ಆಡಿದ ಹುಡುಗರಿಗೆ ಆ ಹೊತ್ತು ಮೈಗೂಡಿರುತ್ತದೆ. ಆಯ್ಕೆಯಾದ ಮೇಲಿನ ಶಿಬಿರದ ನಾಲ್ಕು ದಿನದಲ್ಲಿ ಅದು ಬರುವುದಿಲ್ಲ.

ಆದ್ದರಿಂದ ಆಯ್ಕೆಗಾರರು ಹುಡುಗರನ್ನು ಒಬ್ಬೊಬ್ಬರನ್ನಾಗಿ ತೂಗುವುದನ್ನು ಬಿಡಬೇಕು. ಕಾರ್ನರ್, ಕವರ್ ಜೋಡಿಯನ್ನು ಒಂದೇ ಊರಿನಿಂದ ಎತ್ತಿಕೊಳ್ಳಲಿ, ಒಂದು ತಾಲ್ಲೂಕಿಗೆ ಪಾಲು ಕಡಿಮೆಯಾದರೂ ಚಿಂತೆಯಿಲ್ಲ. ರೈಡರ್‌ಗಳನ್ನು ಬೇರೆಬೇರೆ ಜೊತೆಗಾರರೊಂದಿಗೆ ಆಡಿಸಿ ನೋಡಲಿ. ಕೈಬಿಟ್ಟ ಹುಡುಗನನ್ನು ಕರೆದು ಕೂರಿಸಿ ಕಾರಣ ಹೇಳಲಿ: ನಿನ್ನ ಆಟದಲ್ಲಿ ಕೊರತೆಯಿಲ್ಲ, ಈ ಆರು ಮಂದಿಯ ಜೊತೆ ನಿನ್ನ ದಾಳಿ ಕೂಡಿಬರುತ್ತಿಲ್ಲ ಎಂದು. ಇಷ್ಟೂ ಹೇಳದೆ ಮನೆಗೆ ಕಳುಹಿಸಿದ್ದರಿಂದಲೇ ಎಷ್ಟೋ ಒಳ್ಳೆಯ ಹುಡುಗರು ಆಟ ಬಿಟ್ಟು ದುಡಿಯಲು ಪುಣೆ, ಗೋವಾ ಬಸ್ಸು ಹತ್ತುತ್ತಾರೆ.