ಆ ಒಂದೇ ಕವಿತೆ ಸಾಕೆ?

ಗಾಜಾದ ಸುದ್ದಿ ಬಂದಾಗಲೆಲ್ಲ ನನ್ನ ಕ್ಲಾಸಿನವರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಒಂದು ಕವಿತೆ ತಪ್ಪದೆ ಕಾಣಿಸುತ್ತದೆ. ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವೀಶ್ ಬರೆದ ‘ಗುರುತಿನ ಚೀಟಿ’. ಕಳೆದ ವರ್ಷ ನಾನೂ ಹಾಕಿದ್ದೆ. ಇಂಗ್ಲಿಷ್ ಅನುವಾದದ ನಾಲ್ಕು ಸಾಲು, ಹಿಂದೆ ಒಂದು ಆಲಿವ್ ಮರದ ಚಿತ್ರ. ಇಪ್ಪತ್ತನಾಲ್ಕು ಗಂಟೆ ಇದ್ದು ಹೋಯಿತು. ನಿಜ ಹೇಳಬೇಕೆಂದರೆ ಆ ಕವಿಯ ಬಗ್ಗೆ ಆಗ ನನಗೆ ಗೊತ್ತಿದ್ದದ್ದೂ ಆ ನಾಲ್ಕು ಸಾಲು ಮಾತ್ರ.

ಇಂಟರ್ನಲ್ಸ್ ಮುಗಿದ ಮೇಲೆ ಹುಡುಕಿ ಓದಿದೆ. ಆಗ ಗೊತ್ತಾದ ಒಂದು ಸಂಗತಿ ಇನ್ನೂ ಕಾಡುತ್ತಿದೆ. ನಾವೆಲ್ಲ ಹಂಚುವ ಆ ಕವಿತೆಯನ್ನು ವೇದಿಕೆಯಲ್ಲಿ ಓದಲು ಸ್ವತಃ ದರ್ವೀಶ್ ಹಿಂಜರಿಯುತ್ತಿದ್ದರು. ಜನ ಕೂಗಿ ಕೇಳಿದರೂ ಬೇಡವೆನ್ನುತ್ತಿದ್ದರು.

ದರ್ವೀಶ್ ಹುಟ್ಟಿದ್ದು 1941ರಲ್ಲಿ, ಗೆಲಿಲಿ ಪ್ರದೇಶದ ಅಲ್-ಬಿರ್ವಾ ಎಂಬ ಹಳ್ಳಿಯಲ್ಲಿ. 1948ರ ಯುದ್ಧದ ಹೊತ್ತಿಗೆ ಕುಟುಂಬ ಲೆಬನಾನ್‌ಗೆ ಓಡಿಹೋಯಿತು. ಸುಮಾರು ಒಂದು ವರ್ಷದ ನಂತರ ಕದ್ದುಮುಚ್ಚಿ ಗಡಿ ದಾಟಿ ವಾಪಸ್ ಬಂದರೆ ಊರೇ ಉಳಿದಿರಲಿಲ್ಲ. ಅಷ್ಟರಲ್ಲಿ ಹೊಸ ಇಸ್ರೇಲ್ ಸರ್ಕಾರ ಜನಗಣತಿಯನ್ನೂ ಮುಗಿಸಿತ್ತು. ಹೀಗೆ ಲೆಕ್ಕಕ್ಕೆ ಸಿಗದೆ ಹೋದವರಿಗೆ ಒಂದು ಹೆಸರಿತ್ತು: ‘ಹಾಜರಿರುವ ಗೈರುಹಾಜರಿಗಳು’. ಮನುಷ್ಯ ದೇಶದೊಳಗೇ ಇದ್ದಾನೆ, ಆದರೆ ಅವನ ಮನೆ, ಜಮೀನಿನ ಮಟ್ಟಿಗೆ ಅವನು ಇಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆಗಿ ಹಾಲ್ ಟಿಕೆಟ್ ಸಿಗದಿದ್ದರೆ ಗತಿಯೇನು ಎಂದು ಒದ್ದಾಡುವ ನನಗೆ ಈ ಪದ ಕೇಳಿದ ಕೂಡಲೇ ನಗು ಬಂದಿತ್ತು. ಅದರ ಅರ್ಥ ಓದಿದ ಮೇಲೆ ಬರಲಿಲ್ಲ.

ಶಾಲೆಯಲ್ಲಿ ಇಸ್ರೇಲಿನ ವಾರ್ಷಿಕೋತ್ಸವಕ್ಕೆ ಕವಿತೆ ಓದು ಎಂದರಂತೆ. ಹುಡುಗ ಒಬ್ಬ ಯಹೂದಿ ಬಾಲಕನನ್ನು ಉದ್ದೇಶಿಸಿ ಬರೆದ. ನಿನಗೆ ಮನೆಯಿದೆ, ಆಟಿಕೆಯಿದೆ, ಹಬ್ಬವಿದೆ, ನನಗೇಕಿಲ್ಲ ಎಂಬರ್ಥದ ಕವಿತೆ. ಮರುದಿನ ಮಿಲಿಟರಿ ಗವರ್ನರ್ ಕರೆಸಿ, ಇಂಥದ್ದನ್ನೇ ಬರೆಯುತ್ತಿದ್ದರೆ ಕಲ್ಲುಗಣಿಯಲ್ಲಿ ನಿನ್ನಪ್ಪನ ಕೆಲಸ ಹೋಗುತ್ತದೆ ಎಂದು ಹೆದರಿಸಿದ. ಮುಂದೆ 1964ರಲ್ಲಿ ಬಂದ ‘ಗುರುತಿನ ಚೀಟಿ’ಯಲ್ಲಿ ಅಧಿಕಾರಿಯ ಎದುರು ನಿಂತು ಮಾತಾಡುವವನೂ ಕಲ್ಲುಗಣಿ ಕೆಲಸಗಾರನೇ! ಆ ಕವಿತೆ ಇರುವುದೇ ಅರ್ಜಿ ತುಂಬಿದ ಹಾಗೆ. ಕಾರ್ಡ್ ಸಂಖ್ಯೆ, ಮಕ್ಕಳೆಷ್ಟು, ಕೆಲಸವೇನು, ವಿಳಾಸ ಯಾವುದು. ದಿನಕ್ಕೆರಡು ಆನ್‌ಲೈನ್ ಅರ್ಜಿ ತುಂಬುವ ನಮಗೆ ಅದು ತಟ್ಟುವುದು ಸಹಜ. ಅದು ಕೆಟ್ಟ ಕವಿತೆ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಇಸ್ರೇಲಿನ ಸೇನಾ ರೇಡಿಯೊ ಅದರ ಬಗ್ಗೆ ಕಾರ್ಯಕ್ರಮ ಮಾಡಿದ್ದಕ್ಕೆ ಅಲ್ಲಿನ ರಕ್ಷಣಾ ಸಚಿವರೇ ಸಿಟ್ಟಾದರು. ಐವತ್ತು ವರ್ಷವಾದರೂ ಅದರ ಬಿಸಿ ಆರಿಲ್ಲ.

ಆದರೆ ಅದನ್ನು ಬರೆದಾಗ ಅವರಿಗೆ ಇಪ್ಪತ್ಮೂರರ ಆಸುಪಾಸು. ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಬರೆದರು. ಅನುಮತಿಯಿಲ್ಲದೆ ಊರು ಬಿಟ್ಟು ಹೋದದ್ದಕ್ಕೆ ಜೈಲು, ಗೃಹಬಂಧನ, 1970ರಲ್ಲಿ ಓದಲು ಮಾಸ್ಕೊ, ಅಲ್ಲಿಂದ ಕೈರೊ, ಬೈರೂತ್, ಟ್ಯೂನಿಸ್, ಪ್ಯಾರಿಸ್. ಇಸ್ರೇಲ್ ಅವರಿಗೆ ಬಾಗಿಲು ಮುಚ್ಚಿತು. 1996ರಲ್ಲಿ ಲೇಖಕ ಎಮಿಲ್ ಹಬೀಬಿ ತೀರಿಕೊಂಡಾಗ ಅಂತ್ಯಕ್ರಿಯೆಗೆಂದು ಕೆಲವು ದಿನ ಬರಲು ಬಿಟ್ಟರು. ಇಷ್ಟೆಲ್ಲದರ ನಡುವೆ ಅವರು ಬರೆದದ್ದು ಬರೀ ಸಿಟ್ಟನ್ನಲ್ಲ. ಜೈಲಿನಲ್ಲಿ ಕೂತು ಅಮ್ಮನ ರೊಟ್ಟಿ, ಅಮ್ಮನ ಕಾಫಿಗೆ ಹಂಬಲಿಸಿ ಬರೆದರು. ರೀಟಾ ಎಂಬ ಹೆಸರಿಟ್ಟು ಯಹೂದಿ ಹುಡುಗಿಯ ಮೇಲಿನ ಪ್ರೀತಿಯನ್ನು ಬರೆದರು. 1998ರಲ್ಲಿ ಹೃದಯದ ಆಪರೇಷನ್ ಆಗಿ ಸಾವಿನ ಹತ್ತಿರ ಹೋಗಿ ಬಂದ ಮೇಲೆ, ಸಾವಿನ ಜೊತೆಗೇ ಮಾತಿಗೆ ಕೂತು ಒಂದು ದೀರ್ಘ ಕವಿತೆ ಬರೆದರು.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ಒಂದು ಗದ್ಯ ಪುಸ್ತಕ. ಇಂಗ್ಲಿಷಿನಲ್ಲಿ ‘ಮೆಮೊರಿ ಫಾರ್ ಫರ್ಗೆಟ್‌ಫುಲ್‌ನೆಸ್’. 1982ರ ಆಗಸ್ಟ್, ಇಸ್ರೇಲಿ ಸೇನೆ ಬೈರೂತನ್ನು ಮುತ್ತಿದೆ. ಸಮುದ್ರ, ಆಕಾಶ, ನೆಲ ಎಲ್ಲ ಕಡೆಯಿಂದಲೂ ಶೆಲ್, ಬಾಂಬು. ಪುಸ್ತಕ ಅಲ್ಲಿನ ಒಂದೇ ದಿನದ ಕಥೆ. ಬೆಳಿಗ್ಗೆ ಎದ್ದ ಕವಿಗೆ ಬೇಕಿರುವುದು ಕಾಫಿ. ಅಡುಗೆಮನೆಯ ಗಾಜು ಸಮುದ್ರದ ಕಡೆಗಿದೆ. ಅಲ್ಲಿ ನಿಂತು ಕಾಫಿ ಕಾಯಿಸಿಕೊಳ್ಳಲು ಐದು ನಿಮಿಷ ಬೇಕು. ಆ ಐದು ನಿಮಿಷ ಬಾಂಬು ನಿಲ್ಲುತ್ತದೆಯೇ? ಇದನ್ನೇ ಪುಟಗಟ್ಟಲೆ ಬರೆಯುತ್ತಾರೆ. ಕಾಫಿಪುಡಿ ಎಷ್ಟು, ಚಮಚ ಹೇಗೆ ತಿರುಗಿಸಬೇಕು ಎಂಬುದೂ ಬಿಟ್ಟಿಲ್ಲ.

ಇದನ್ನು ಹೇಳಿದಾಗ ನನ್ನ ರೂಮ್‌ಮೇಟ್ ಸಿಟ್ಟಾದ. “ಅಲ್ಲಿ ಮಕ್ಕಳು ಸಾಯ್ತಿದಾರೆ, ನೀನು ಕಾಫಿ ಅಂತೀಯಲ್ಲೋ” ಎಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಎರಡು ದಿನ ನನಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಅನ್ನಿಸಿದ್ದು ಇಷ್ಟು: ಬಾಂಬು ಮನುಷ್ಯನಿಂದ ಮೊದಲು ಕಿತ್ತುಕೊಳ್ಳುವುದೇ ಆ ಐದು ನಿಮಿಷವನ್ನು. ಪ್ಯಾಲೆಸ್ಟೀನಿನವನೆಂದರೆ ಕೂಗಬೇಕು, ಇಲ್ಲವೇ ಅಳಬೇಕು. ಕಾಫಿ, ಪ್ರೇಮ, ಮಳೆ ಅವನ ವಿಷಯವಲ್ಲ ಎಂದು ನಾವೂ ತೀರ್ಮಾನಿಸಿದರೆ ಉಳಿದದ್ದನ್ನು ನಾವೇ ಕಿತ್ತುಕೊಂಡಂತೆ. ನಮ್ಮಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆದ 1942ರಲ್ಲೇ ‘ಮೈಸೂರು ಮಲ್ಲಿಗೆ’ ಬಂತಲ್ಲ, ಕೆ.ಎಸ್.ನ. ಅವರಿಗೆ ದೇಶ ಬೇಡವಾಗಿತ್ತು ಎನ್ನಲಾದೀತೆ?

ದರ್ವೀಶ್ ರಾಜಕೀಯದಿಂದ ತಪ್ಪಿಸಿಕೊಂಡವರೂ ಅಲ್ಲ. 1988ರ ಪ್ಯಾಲೆಸ್ಟೀನ್ ಸ್ವಾತಂತ್ರ್ಯ ಘೋಷಣೆ ಬರೆದವರು ಅವರೇ. 1993ರಲ್ಲಿ ಓಸ್ಲೊ ಒಪ್ಪಂದ ಒಪ್ಪಿಗೆಯಾಗದೆ ಪಿಎಲ್ಒ ಕಾರ್ಯಕಾರಿ ಸಮಿತಿ ಬಿಟ್ಟವರೂ ಅವರೇ. 2008ರ ಆಗಸ್ಟ್ 9ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಮತ್ತೊಂದು ಹೃದಯ ಆಪರೇಷನ್ ನಂತರ ತೀರಿಕೊಂಡರು. ಮಣ್ಣಾದದ್ದು ರಮಲ್ಲಾದಲ್ಲಿ, ಹುಟ್ಟಿದ ಗೆಲಿಲಿಯಲ್ಲಲ್ಲ.

ಸ್ಟೇಟಸ್ ಹಾಕಬೇಡಿ ಎನ್ನುತ್ತಿಲ್ಲ, ಹಾಕಿ. ಅದರ ಜೊತೆಗೆ ಅವರ ಇನ್ನೊಂದು ಕವಿತೆ ಓದಿ ಎನ್ನುತ್ತಿದ್ದೇನೆ, ಅಷ್ಟೇ. ಪ್ಲೇಸ್‌ಮೆಂಟ್ ಆ್ಯಪ್ಟಿಟ್ಯೂಡ್ ಪುಸ್ತಕದ ನಡುವೆ ಹತ್ತು ನಿಮಿಷ ಸಿಗದ ಹಾಗೇನಿಲ್ಲ.

ರೂಮ್‌ಮೇಟ್‌ಗೆ ಆ ಕಾಫಿಯ ಪುಟಗಳನ್ನು ತೆಗೆದುಕೊಟ್ಟೆ. ಬೈಯುತ್ತಲೇ ಓದಲು ಕೂತ. ಮೆಸ್‌ನಲ್ಲಿ ಬೆಳಗಿನ ಕಾಫಿಗೆ ಕ್ಯೂ ನಿಂತಿದ್ದಾಗ ಕೇಳಿದ: “ಲೋ, ಕೊನೆಗೂ ಕಾಫಿ ಕುಡಿದರಾ ಅವರು?” ನಾನು ಹೇಳಲಿಲ್ಲ. ಪುಸ್ತಕ ಇನ್ನೂ ಅವನ ಹತ್ತಿರವೇ ಇದೆ.