ಕಾಫಿ ಮೂಟೆಗೆ ಚೀಟಿ, ಮದುವೆ ಫೋಟೊಗೆ ಬಾಯಿಮಾತು

ಕೊಡಗಿನ ಕುಟ್ಟದ ಸುತ್ತಿನ ತೋಟಗಳಲ್ಲಿ ರೋಬಸ್ಟಾ ಕುಯ್ಲಿನ ಸಮಯದಲ್ಲಿ ಸಂಜೆಯಾದರೆ ತೂಕ. ಒಬ್ಬೊಬ್ಬರು ಕುಯ್ದ ಹಣ್ಣನ್ನೂ ತೂಗಿ, ರೈಟರ್ ಪುಸ್ತಕದಲ್ಲಿ ಕೆಜಿ ಬರೆಯುತ್ತಾನೆ. ಒಣಗಿದ ಚೆರಿ ಗೋಣಿಕೊಪ್ಪಕ್ಕೆ ಹೋದರೆ ಅಲ್ಲೂ ಓಟಿ ನೋಡಿ, ಅಂದರೆ ಮೂಟೆಗೆಷ್ಟು ಬೀಜ ಬರುತ್ತದೆಂದು ಲೆಕ್ಕ ಹಾಕಿ, ಚೀಟಿ ಕೊಡುತ್ತಾರೆ. ಇಷ್ಟು ಲೆಕ್ಕದ ಸೀಮೆಯಲ್ಲಿ ಲಕ್ಷ ರೂಪಾಯಿಯ ಮದುವೆ ಫೋಟೊ ಕೆಲಸ ಮಾತ್ರ ‘ನಾವು ನಾವೇ ಅಲ್ವ ಮಾರಾಯ’ ಎಂಬಲ್ಲಿಗೆ ಕುದುರುತ್ತದೆ. ವರ್ಷಾನುಗಟ್ಟಲೆ ನಾನೂ ಹಾಗೇ ಕುದುರಿಸಿದವನು.

ಕೊಡವ ಮದುವೆಯಲ್ಲಿ ಹೊತ್ತನ್ನು ಹಿಡಿದಿಡಲಾಗದು. ಗಂಗಾಪೂಜೆ ಮುಗಿಸಿ ನೀರಿನ ಕೊಡ ತಲೆಯ ಮೇಲಿಟ್ಟು ಬರುವ ಮದುಮಗಳ ಎದುರು ನೆಂಟರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಹತ್ತು ಹೆಜ್ಜೆಗೆ ಒಂದು ಗಂಟೆ ಹಿಡಿದದ್ದನ್ನು ಕಂಡಿದ್ದೇನೆ. ಫ್ರೇಮಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ಆದರೆ ‘ಸಂಜೆ 7ರವರೆಗೆ’ ಎಂದು ಒಪ್ಪಿದ ಕೆಲಸ ರಾತ್ರಿ 11 ಮುಟ್ಟಿದಾಗ ಮೇಲಿನ ನಾಲ್ಕು ಗಂಟೆಯ ದುಡ್ಡು ಕೇಳುವುದು ಹೇಗೆ? ಮನೆಯ ಹಿರಿಯರು ತಟ್ಟೆ ಕೈಗಿಟ್ಟು ‘ಮೊದಲು ಊಟ ಮಾಡು’ ಅನ್ನುತ್ತಾರೆ. ಪಂದಿಕರಿ ತಿಂದವನು ಮತ್ತೆ ಬಾಯಿ ಬಿಡುವುದಿಲ್ಲ. ಉಳಿದ ಬಾಕಿಗೆ ‘ಕಾಫಿ ಮಾರಿದ ಮೇಲೆ ನೋಡುವ’. ಮದುವೆ ಮೇ ತಿಂಗಳಲ್ಲಿ, ಕಾಫಿ ಮಾರುವುದು ಮುಂದಿನ ಮಾರ್ಚಿಗೆ.

ಇದು ನೆಂಟಸ್ತಿಕೆಯ ಪಾಡು, ನುಂಗಿಕೊಂಡೆ. ನುಂಗಲಾಗದ್ದು ಇನ್ನೊಂದಿದೆ. ನಮ್ಮ ಕಡೆಯ ಒಂದು ರೆಸಾರ್ಟಿಗೆ ಎರಡು ದಿನ ಮಳೆಯಲ್ಲಿ ನೆನೆದು ಚಿತ್ರ ತೆಗೆದುಕೊಟ್ಟೆ. ಅರ್ಧ ಅಡ್ವಾನ್ಸ್ ಬಂತು, ಉಳಿದರ್ಧ ಬರಲಿಲ್ಲ. ಚಿತ್ರಗಳು ಮಾತ್ರ ರೂಮ್ ಬುಕಿಂಗ್ ತಾಣಗಳಲ್ಲಿ ಓಡಾಡಿದವು. ಒಂದು ದಿನ ಮೈಸೂರು ರಸ್ತೆಯ ಹೋರ್ಡಿಂಗ್ ಮೇಲೂ ಕಂಡವು. ‘ನನ್ನ ಚಿತ್ರ, ಕೇಸು ಹಾಕುತ್ತೇನೆ’ ಎಂದು ಪರಿಚಯದ ವಕೀಲರಲ್ಲಿಗೆ ಹೋದೆ. ಅವರು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿಸಿದರು. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ತೆಗೆದವನದ್ದಲ್ಲ! ಬಾಕಿ ಹಣಕ್ಕೆ ದಾವೆ ಹೂಡಬಹುದಿತ್ತು, ಆದರೆ ಅದಕ್ಕಿರುವ ಮೂರು ವರ್ಷದ ಗಡುವನ್ನು ನಾನು ಸಂಕೋಚದಲ್ಲೇ ಕಳೆದಿದ್ದೆ.

ಕ್ಯಾಮೆರಾ ಹಿಡಿದವರಲ್ಲಿ ಈ ಸೆಕ್ಷನ್ ಗೊತ್ತಿರುವವರು ಎಷ್ಟು ಮಂದಿ? ಒಪ್ಪಂದ ಅಂದಕೂಡಲೇ ಛಾಪಾಕಾಗದ, ನೋಟರಿ ಎಂದು ಹೆದರುತ್ತೇವೆ. ಅಷ್ಟೆಲ್ಲ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಪ್ರಕಾರ ಮೊಬೈಲಿನಲ್ಲಿ ಬರೆದು ಒಪ್ಪಿದ ಕರಾರೂ ಕರಾರೇ. ಎಷ್ಟು ಗಂಟೆಯ ಕೆಲಸ, ದಾಟಿದರೆ ಗಂಟೆಗೆಷ್ಟು, ಬಾಕಿ ಯಾವ ತಾರೀಖಿಗೆ, ಆಲ್ಬಮ್ ಎಷ್ಟು ಪುಟ, ಚಿತ್ರವನ್ನು ಯಾರು ಎಲ್ಲಿ ಬಳಸಬಹುದು, ಹಕ್ಕು ಯಾರದ್ದು ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ‘ಒಪ್ಪಿದೆ’ ಎಂಬ ಉತ್ತರ ಬರುವವರೆಗೆ ತಾರೀಖು ಬುಕ್ ಮಾಡದಿದ್ದರಾಯಿತು. ಕೆಲಸಕ್ಕೆ ಮೊದಲೇ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯೂ ಆಗಿರಲಿ, ಅದಕ್ಕೆ ಕಾಸು ಖರ್ಚಿಲ್ಲ. ಆಗ 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಇಟ್ಟರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮದುವೆ ಮನೆಯಲ್ಲಿ ಇದನ್ನು ಝಳಪಿಸಲು ಯಾರಿಗೂ ಮನಸ್ಸು ಬಾರದು. ರೆಸಾರ್ಟಿನ ಮ್ಯಾನೇಜರಿಗೆ ಧಾರಾಳವಾಗಿ ತೋರಿಸಬಹುದು.

ಬೇರೆಯವರನ್ನೇ ದೂರಿದರೆ ಸುಳ್ಳಾದೀತು. ಎರಡನೇ ಕ್ಯಾಮೆರಾಕ್ಕೆ ಶ್ರೀಮಂಗಲದಿಂದ ಬರುತ್ತಿದ್ದ ಹುಡುಗನನ್ನು ನಾನೇ ನಾಲ್ಕು ತಿಂಗಳು ಅಲೆಸಿದ್ದೇನೆ. ‘ಪಾರ್ಟಿ ಕೊಟ್ಟಿಲ್ಲ ಕಣೋ’ ಎಂಬುದು ನನ್ನ ನೆಪ. ಅವನಿಗೂ ನಾನು ಏನೂ ಬರೆದುಕೊಟ್ಟಿರಲಿಲ್ಲ. ಅವನೀಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ.

ಪ್ರತಿ ಆಗಸ್ಟ್ 19ಕ್ಕೆ, ವಿಶ್ವ ಛಾಯಾಗ್ರಹಣ ದಿನವೆಂದು, ನಮ್ಮ ಛಾಯಾಗ್ರಾಹಕರ ಸಂಘಗಳು ಹಿರಿಯರಿಗೆ ಶಾಲು ಹೊದಿಸುತ್ತವೆ. ಮದುವೆಗಳಿಲ್ಲದ ಕಕ್ಕಡ ತಿಂಗಳು ಆಗಷ್ಟೇ ಕಳೆದು ಮತ್ತೆ ಮುಹೂರ್ತಗಳು ಶುರುವಾಗುವ ಹೊತ್ತದು. ಈ ಸಲ ಶಾಲಿನ ಜೊತೆಗೆ ಒಂದು ಪುಟದ ಕರಾರುಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಎಲ್ಲ ಸದಸ್ಯರಿಗೂ ಹಂಚಿ. ಅಚ್ಚಿನ ಖರ್ಚಿಗೆ ನನ್ನ ಪಾಲು ಮೊದಲೇ ಕೊಡುತ್ತೇನೆ, ರಸೀದಿ ಕೊಟ್ಟರೆ.